ಗ್ರಹಚಾರದ ಗುರುತುಗಳು

ಮನುಷ್ಯನಿಗೆ ಕೆಟ್ಟ ಕಾಲವು ಮುನ್ಸೂಚನೆಯಿಲ್ಲದೆ ಬರುವುದಿಲ್ಲವೆಂಬುದು ಹಿರಿಯರ ದೃಢವಾದ ನಂಬಿಕೆ. ಅದಕ್ಕಾಗಿಯೇ ಪಂಚಾಂಗದಲ್ಲಿ ಹಲ್ಲಿಯ ಪತನಕ್ಕೆಂದು ಪ್ರತ್ಯೇಕವಾದೊಂದು ಪುಟವುಂಟು. ತಲೆಯ ಮೇಲೆ ಬಿದ್ದರೆ ಒಂದು ಫಲ, ಭುಜದ ಮೇಲೆ ಬಿದ್ದರೆ ಇನ್ನೊಂದು. ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಬಯಲುಸೀಮೆಯ ಒಣಹವೆಗೆ ಈ ಶಾಸ್ತ್ರ ಸರಿಹೋಗಬಹುದು. ಮಲೆನಾಡಿನಲ್ಲಿ ಇದನ್ನು ಅಕ್ಷರಶಃ ನಂಬಿದರೆ ಮಳೆಗಾಲ ಮುಗಿಯುವುದರೊಳಗೆ ಊರಿಗೆ ಊರೇ ಖಾಲಿಯಾಗಬೇಕು. ಅಲ್ಲಿಯ ಹಳೆಯ ಮನೆಗಳ ಅಟ್ಟಗಳಲ್ಲಿ ಮನುಷ್ಯರಿಗಿಂತ ಹಲ್ಲಿಗಳೇ ಹೆಚ್ಚು.

ಶೃಂಗೇರಿಯಿಂದ ಕೆರೆಕಟ್ಟೆಯ ಕಡೆಗೆ ಸಾಗುವ ರಸ್ತೆಯಲ್ಲಿ, ತುಂಗೆಯ ದಡದಲ್ಲಿ ನೆಮ್ಮಾರ್ ಇದೆ. ಗಂಗಾಮೂಲದಲ್ಲಿ ಹುಟ್ಟಿದ ಹೊಳೆ ಶಾರದೆಯ ಸನ್ನಿಧಿಯನ್ನು ಮುಟ್ಟುವ ಮುನ್ನ ಈ ಊರನ್ನು ಹಾದುಬರುತ್ತದೆ. ಸುತ್ತಲೂ ಕಾಡು, ನಡುನಡುವೆ ಅಡಿಕೆಯ ತೋಟಗಳು. ಈ ಸೀಮೆಯ ತೋಟಿಗರ ಮನೆಗಳಲ್ಲಿ ಹಲ್ಲಿಯ ಶಾಸ್ತ್ರಕ್ಕಿಂತ ಎಷ್ಟೋ ಖಚಿತವಾದ ಬೇರೊಂದು ಶಾಸ್ತ್ರ ಬಳಕೆಯಲ್ಲಿದೆ. ಅದನ್ನು ಯಾರೂ ಅಚ್ಚುಹಾಕಿಸಿಲ್ಲ. ಜಗಲಿಯ ಮೇಲೆ ಕುಳಿತು ಕವಳ ಹಾಕುವಾಗ ನಗೆಯ ಮಾತಾಗಿ ಅದು ಬಾಯಿಂದ ಬಾಯಿಗೆ ಸಾಗುತ್ತದೆ.

ಕೊಡೆಯನ್ನೇ ನೋಡಬಹುದು. ಮಳೆಗಾಲ ಮುಗಿಯುವ ಹೊತ್ತಿಗೆ ಬಸ್ಸಿನಲ್ಲಿ ಕೊಡೆ ಮರೆತುಬಂದರೆ ಅದು ಬರಿಯ ಮರೆವು. ಆರಿದ್ರೆ ಮಳೆಯ ಮೊದಲ ದಿನವೇ ಮರೆತರೆ ಗ್ರಹಚಾರ. ಮರೆತ ಕೊಡೆ ನೆಂಟರದ್ದಾಗಿದ್ದರೆ ಶನಿಮಹಾರಾಯನೇ ಹೆಗಲೇರಿದ್ದಾನೆಂದು ತಿಳಿಯಬೇಕು; ನೆಂಟರು ಅದನ್ನು ಏಳೂವರೆ ವರ್ಷ ಬಿಡದೆ ನೆನೆಯುತ್ತಾರೆ. ಕೆಡಬಹುದಾದದ್ದು ಕೆಟ್ಟೇ ತೀರುತ್ತದೆಂಬ ಮಾತಿಗೆ 1949ರ ಸುಮಾರಿನಲ್ಲಿ ಅಮೆರಿಕದ ವಾಯುಪಡೆಯ ಎಡ್ವರ್ಡ್ ಮರ್ಫಿ ಎಂಬ ಎಂಜಿನಿಯರನ ಹೆಸರು ಅಂಟಿಕೊಂಡು ಜಗತ್ತಿನಲ್ಲೆಲ್ಲ ಪ್ರಸಿದ್ಧವಾಯಿತು. ಗ್ರಹಚಾರ ಕೆಟ್ಟರೆ ಹಗ್ಗವೂ ಹಾವಾಗುತ್ತದೆಂದು ಹೇಳಿಕೊಂಡು ಬಂದ ಅಜ್ಜಿಯರ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಮಳೆಯ ಮಾತು ಬಂದ ಮೇಲೆ ಕಿಗ್ಗದ ಋಷ್ಯಶೃಂಗನನ್ನು ಬಿಡುವಂತಿಲ್ಲ. ರಾಮಾಯಣದ ಕಾಲದಲ್ಲಿ ಅಂಗದೇಶಕ್ಕೆ ಮಳೆ ತಂದವನೆಂದು ಖ್ಯಾತನಾದ ಈ ಮುನಿಗೆ ಮಳೆ ಬರಲೆಂದೂ ಹರಕೆ ಸಲ್ಲುತ್ತದೆ, ಸಾಕಿನ್ನು ನಿಲ್ಲಲೆಂದೂ ಸಲ್ಲುತ್ತದೆ. 2019ರ ಜೂನ್‌ನಲ್ಲಿ ಸರ್ಕಾರವೇ ಮುಂದಾಗಿ ರಾಜ್ಯದ ದೇವಾಲಯಗಳಲ್ಲಿ ಪರ್ಜನ್ಯ ಪೂಜೆ ನಡೆಸಿತು, ಕಿಗ್ಗದಲ್ಲಿಯೂ ನಡೆಯಿತು. ಆಗಸ್ಟ್‌ನಲ್ಲಿ ಮಲೆನಾಡಿನ ಗುಡ್ಡಗಳೇ ಜರಿದು ಬೀಳುವಂತೆ ಮಳೆ ಸುರಿಯಿತು. ಗದ್ದೆಗೆ ನೀರು ಸಾಲದೆಂದೂ ಅಡಿಕೆ ಒಣಗಲು ಬಿಸಿಲು ಸಾಲದೆಂದೂ ಒಂದೇ ವಾರದಲ್ಲಿ ಎರಡು ಹಣ್ಣುಕಾಯಿ ಮಾಡಿಸುವ ಗೃಹಸ್ಥನ ಕಾಲ ಚೆನ್ನಾಗಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮನೆಯ ನಾಯಿಯದು ಇನ್ನೂ ಸೂಕ್ಷ್ಮವಾದ ಸೂಚನೆ. ಸಾಲದ ಕಂತಿನ ನೆನಪು ಮಾಡಲು ಬರುವ ಗುಮಾಸ್ತರನ್ನು ಕಂಡು ಅದು ಬೊಗಳಿದರೆ ಚಿಂತೆಯಿಲ್ಲ. ಒಂದು ದಿನ ಬಾಲವಾಡಿಸುತ್ತ ದಣಪೆಯವರೆಗೂ ಹೋಗಿ ಅವರನ್ನು ಎದುರುಗೊಂಡು ಬಂತೆನ್ನಿ. ಅವರೂ ಕಿಸೆಯಿಂದ ಬಿಸ್ಕತ್ತು ತೆಗೆದರೆನ್ನಿ. ಆಗ ಯಜಮಾನನು ಮನೆಯ ಲೆಕ್ಕಪತ್ರವನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು. ಒಳಗೆ ಮನೆಯೊಡತಿಯು ಆ ವೇಳೆಗಾಗಲೇ ಕಾಫಿಯ ದೋಷಗಳನ್ನು ಕಂಡುಹಿಡಿದಿರುತ್ತಾಳೆ. “ಕಾಫಿ ಪಿತ್ತ ಕಣ್ರೀ, ಜೀರಿಗೆ ಕಷಾಯ ದೇಹಕ್ಕೆ ತಂಪು” ಎಂದು ಬಂದವರಿಗೆ ಉಪದೇಶ ನಡೆದಿರುತ್ತದೆ. ಬಂದವರೂ ತಮ್ಮ ಮನೆಯಲ್ಲಿ ಅದೇ ಉಪದೇಶವನ್ನು ಮಾಡಿಬಂದವರಾದ್ದರಿಂದ ಮರುಮಾತಿಲ್ಲದೆ ಕಷಾಯ ಕುಡಿಯುತ್ತಾರೆ.

ಇವೆಲ್ಲ ನಕ್ಕು ಮರೆಯಬಹುದಾದ ಗುರುತುಗಳು. ನಗಲು ತುಸು ಕಷ್ಟವಾಗುವ ಗುರುತೊಂದಿದೆ. ಅದು ಕವಳದ ಹರಿವಾಣದಲ್ಲಿ ಕಾಣಿಸುತ್ತದೆ. ಬಂದವರ ಮುಂದೆ ಯಜಮಾನನು ಹರಿವಾಣ ಸರಿಸುತ್ತಾನೆ. ಅತಿಥಿಯು ಎಲೆಗೆ ಸುಣ್ಣ ಹಚ್ಚಿ, ಅಡಿಕೆಯ ಹೋಳೊಂದನ್ನು ಎತ್ತಿಕೊಂಡು, ಒಂದು ಗಳಿಗೆ ನೋಡುತ್ತಾನೆ. ಹೋಳು ಕಪ್ಪಗಿದೆ, ಮೆತ್ತಗಿದೆ. “ಊಟ ಈಗಷ್ಟೇ ಆಯ್ತು, ದಾರೀಲಿ ಹಾಕ್ತೀನಿ ಬಿಡಿ” ಎಂದು ಅದನ್ನು ಕಿಸೆಗೆ ಸೇರಿಸುತ್ತಾನೆ. ಅಲ್ಲಿಗೆ ಇಬ್ಬರಿಗೂ ವಿಷಯ ತಿಳಿಯಿತು. ಇಬ್ಬರೂ ರಸ್ತೆಯ ಗುಂಡಿಗಳ ವಿಚಾರ ಮಾತನಾಡತೊಡಗುತ್ತಾರೆ. ಮರುತಿಂಗಳು ಹೋದರೆ ಹರಿವಾಣದಲ್ಲಿ ಚಂದವಾದ ಅಡಿಕೆಯಿರುತ್ತದೆ, ಅಂಗಡಿಯಿಂದ ತಂದದ್ದು. ತೋಟವಿದ್ದವನು ಅಡಿಕೆಯನ್ನು ಕೊಂಡು ತರುವುದಕ್ಕಿಂತ ದೊಡ್ಡ ಅಪಶಕುನ ಯಾವ ಪಂಚಾಂಗದಲ್ಲಿಯೂ ಇಲ್ಲ.

ಇದು ಹಳದಿ ಎಲೆ ರೋಗದ ಕೆಲಸ. ಕೊಳೆರೋಗದ ರೀತಿಯೇ ಬೇರೆ. ಅದು ಮಳೆಗಾಲದ ನೆಂಟ, ಬರುತ್ತದೆ, ಕಾಯಿ ಉದುರಿಸುತ್ತದೆ, ಹೋಗುತ್ತದೆ. ಅದಕ್ಕೆ ಮದ್ದೂ ಉಂಟು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿಯೇ ಕೊಳೆಯ ಶಿಲೀಂಧ್ರವನ್ನು ಕುರಿತು ಬರೆದರು; ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣ ಅಂದಿನಿಂದ ತೋಟಿಗನ ಕೈಬಿಡಲಿಲ್ಲ. ಹಳದಿ ರೋಗವು ನೆಂಟನಲ್ಲ, ಮನೆ ಅಳಿಯ. ಬಂದರೆ ಹೋಗುವ ಮಾತೇ ಇಲ್ಲ. 1914ರ ಸುಮಾರಿನಲ್ಲಿ ತಿರುವಾಂಕೂರಿನ ಕಡೆ ಕಾಣಿಸಿಕೊಂಡ ಈ ಪೀಡೆಗೆ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣವೆಂದೂ ಒಂದು ಬಗೆಯ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುವುದೆಂದೂ ಸಂಶೋಧಕರು ಹೇಳುತ್ತಾರೆ. ಗುಣಪಡಿಸುವ ಮದ್ದು ಈವರೆಗೆ ದೊರೆತಿಲ್ಲ. ಶೃಂಗೇರಿ, ಕೊಪ್ಪ ಸೀಮೆಯಲ್ಲಿ ದಶಕಗಳಿಂದ ತೋಟ ತೋಟಗಳೇ ಇದಕ್ಕೆ ಆಹುತಿಯಾಗಿವೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಬಂದು ಜೊತೆಗೂಡಿದೆ.

ಹಳದಿಯು ಸೋಗೆಯ ಗರಿಯ ತುದಿಯಲ್ಲಿ ಮೊದಲಾಗಿ ಮೆಲ್ಲಮೆಲ್ಲನೆ ಒಳಕ್ಕೆ ಇಳಿಯುತ್ತದೆ. ಯಜಮಾನನಿಗೆ ಅದು ಕಾಣುವುದೇ ಇಲ್ಲ. ಮೊದಲ ವರ್ಷ “ಬಿಸಿಲು ಜಾಸ್ತಿಯಾಯ್ತು” ಎನ್ನುತ್ತಾನೆ. ಎರಡನೆಯ ವರ್ಷ “ಗೊಬ್ಬರ ಸಾಲಲಿಲ್ಲ”. ಮೂರನೆಯ ವರ್ಷ ಕನ್ನಡಕದ ನಂಬರು ಬದಲಿಸುತ್ತಾನೆ. ಪಕ್ಕದ ತೋಟದವನಿಗೆ ಮೊದಲ ದಿನವೇ ಕಂಡಿರುತ್ತದೆ. ಹೇಳುವುದು ಹೇಗೆಂದು ಸುಮ್ಮನಿರುತ್ತಾನೆ. ಕಡೆಗೆ ಹೇಳುವವನು ಕೊನೆಗಾರ. ಹಿಂದೆ ನಾಲ್ಕು ದಿನ ಹಿಡಿಯುತ್ತಿದ್ದ ಕೊಯ್ಲನ್ನು ಮುಗಿಸಿ ಮಧ್ಯಾಹ್ನದ ಊಟಕ್ಕೆ ಮೊದಲೇ ಕೆಳಗಿಳಿದು ನಿಂತು, “ಆಯ್ತಯ್ಯಾ” ಎನ್ನುತ್ತಾನೆ. “ಏನು, ಆ ಸಾಲು ಆಯ್ತಾ?” “ಅಲ್ಲಯ್ಯಾ, ತೋಟ ಆಯ್ತು.” ಆ ದಿನ ಅವನು ಪೂರ್ತಿ ಕೂಲಿಯನ್ನು ಕೇಳುವುದಿಲ್ಲ, ಯಜಮಾನನು ಪೂರ್ತಿ ಕೊಡದೆ ಬಿಡುವುದಿಲ್ಲ. ರಾತ್ರಿಯಿಡೀ ದೀಪ ಹಚ್ಚಿಕೊಂಡು ಹತ್ತು ಮನೆಯವರು ಕೂಡಿ ಅಡಿಕೆ ಸುಲಿಯುತ್ತಿದ್ದ ಅಂಗಳದಲ್ಲಿ ಈಗ ಅತ್ತೆಸೊಸೆಯರಿಬ್ಬರೇ ಟಿವಿಯ ಧಾರಾವಾಹಿ ಆರಂಭವಾಗುವುದರೊಳಗೆ ಕೆಲಸ ಪೂರೈಸುತ್ತಾರೆ. ಅಡಿಕೆ ಬೇಯಿಸುವ ತಾಮ್ರದ ಹಂಡೆ ಬೋರಲಾಗಿ ಕೊಟ್ಟಿಗೆ ಸೇರುತ್ತದೆ. ಅದರಡಿಯಲ್ಲಿ ಬೆಕ್ಕು ಮರಿಹಾಕುತ್ತದೆ. ಬೆಕ್ಕಿನ ಪಾಲಿಗೆ ಅದು ಶುಭಶಕುನವೇ ಸರಿ.

ಬೆಂಗಳೂರಿನಲ್ಲಿರುವ ಮಗನಿಂದ ಬರುವ ಫೋನಿಗೂ ಒಂದು ಲಕ್ಷಣವುಂಟು. ಭಾನುವಾರ ಸಂಜೆ ಬಂದರೆ ಅದು ವಾಡಿಕೆ. ಬುಧವಾರ ಹನ್ನೊಂದು ಗಂಟೆಗೆ ಬಂದು “ತಿಂಡಿ ಆಯ್ತಾ ಅಪ್ಪಯ್ಯ?” ಎಂದು ಕೇಳಿದರೆ, ಕಚೇರಿಯಲ್ಲಿರಬೇಕಾದವನು ಕಚೇರಿಯಲ್ಲಿಲ್ಲವೆಂದು ತಂದೆಗೆ ಅರ್ಥವಾಗುತ್ತದೆ. “ಆಯ್ತಪ್ಪ, ನಿಂದು?” ಎನ್ನುತ್ತಾನೆ. “ತೋಟ ಹೇಗಿದೆ?” “ಚೆನ್ನಾಗಿದೆ. ಕೆಲಸ ಹೇಗಿದೆ?” “ಚೆನ್ನಾಗಿದೆ.” ಇಷ್ಟಾದ ಮೇಲೆ ಇಬ್ಬರೂ ಬಹಳ ಹೊತ್ತು ಮಳೆಯ ವಿಚಾರ ಮಾತನಾಡುತ್ತಾರೆ. ಮಲೆನಾಡಿನಲ್ಲಿ ಮಳೆ ಹೆಚ್ಚೆಂಬುದರ ಪ್ರಯೋಜನಗಳಲ್ಲಿ ಇದೂ ಒಂದು.

ಇಷ್ಟೆಲ್ಲ ಗುರುತುಗಳನ್ನು ಬಲ್ಲ ಯಜಮಾನನು ವೈಶಾಖ ಕಳೆಯುತ್ತಿದ್ದಂತೆ ಸಸಿ ಮಾರುವಲ್ಲಿಗೆ ಹೋಗುತ್ತಾನೆ. ಹಳದಿಯಾಗಿ ಸತ್ತ ಮರದ ಪಕ್ಕದಲ್ಲಿಯೇ ಮತ್ತೆ ಅಡಿಕೆಯ ಸಸಿ. ಫಲ ಬರಲು ಐದಾರು ವರ್ಷ ಬೇಕು; ಅವನಿಗೆ ಎಪ್ಪತ್ತು ದಾಟಿದೆ. ಸಸಿಯೊಂದಕ್ಕೆ ಎರಡು ರೂಪಾಯಿಯಂತೆ ಇಳಿಸಬೇಕೆಂದು ಅರ್ಧ ಗಂಟೆ ಚೌಕಾಸಿ ಮಾಡಿ, ನೂರು ಸಸಿಗಳನ್ನು ಜೀಪಿಗೆ ಹೇರಿಸಿಕೊಂಡು ಬರುತ್ತಾನೆ. ದಣಪೆಯ ಬಳಿ ನಿಂತು ನೋಡಿದ ಮನೆಯೊಡತಿ, “ಗುಂಡಿ ತೋಡೋರು ಯಾರು?” ಎಂದಷ್ಟೇ ಕೇಳಿ ಒಳಗೆ ಹೋಗುತ್ತಾಳೆ. ಆ ದಿನ ಮಾತ್ರ ಕಷಾಯವಿಲ್ಲ. ಹಾಲು ಹಾಕಿದ ಕಾಫಿ ಬರುತ್ತದೆ.