ಹೈಬ್ರಿಡ್ ಕಾರಿನ ಮೈಲೇಜ್ ಗುಟ್ಟು

ಪ್ರಶ್ನೆ: ಹೈಬ್ರಿಡ್ ಕಾರು ಊರೊಳಗಿನ ಟ್ರಾಫಿಕ್‌ನಲ್ಲೂ ಒಳ್ಳೆಯ ಮೈಲೇಜ್ ಕೊಡುತ್ತದಂತೆ. ಹೇಗೆ ಓಡಿಸಬೇಕು?

ಉತ್ತರ: ಮಾಮೂಲಿ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಶಕ್ತಿಯೆಲ್ಲ ಬಿಸಿಯಾಗಿ ಪೋಲಾಗುತ್ತದೆ. ಹೈಬ್ರಿಡ್‌ನಲ್ಲಿ ಮೋಟಾರೇ ಜನರೇಟರ್ ಆಗಿ, ಅದರಲ್ಲೊಂದು ಪಾಲನ್ನು ಬ್ಯಾಟರಿಗೆ ತುಂಬುತ್ತದೆ. ಗಕ್ಕನೆ ಬ್ರೇಕ್ ಹಾಕಿದರೆ ಮಾತ್ರ ಮೋಟಾರಿನ ಮಿತಿ ಮೀರಿ, ಉಳಿದದ್ದು ಬ್ರೇಕ್ ಪ್ಯಾಡಿನ ಪಾಲು. ಹಾಗಾಗಿ ಕೆಂಪು ದೀಪ ಕಂಡೊಡನೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ದೂರದಿಂದಲೇ ಹಗುರಾಗಿ ಬ್ರೇಕ್ ಒತ್ತಿ.

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವ ಹಳೆಯ ಚಾಳಿ ಬಿಡಿ. ಟೊಯೋಟ ಹೈಬ್ರಿಡ್‌ಗಳಲ್ಲಿ ಗೇರ್ ನ್ಯೂಟ್ರಲ್‌ನಲ್ಲಿದ್ದರೆ ಬ್ಯಾಟರಿ ಚಾರ್ಜೇ ಆಗದು. ಬ್ಯಾಟರಿಯಲ್ಲೇ ಓಡಿಸಬೇಕೆಂಬ ಹಟವೂ ಬೇಡ. ಪ್ಲಗ್ ಇಲ್ಲದ ಹೈಬ್ರಿಡ್‌ನಲ್ಲಿ ಆ ವಿದ್ಯುತ್ತಿನ ಮೂಲವೂ ನೀವು ಹಾಕಿಸಿದ ಪೆಟ್ರೋಲೇ. ಹೆದ್ದಾರಿಯಲ್ಲಿ ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ಹೆಚ್ಚುತ್ತದೆ. ಅಲ್ಲಿ ವೇಗ ತಗ್ಗಿಸುವುದೇ ಉಳಿತಾಯ.