ಮರೆವಿನ ಕಾಯಿಲೆಯವರ ಹಲ್ಲುಜ್ಜಿಸುವುದು ಹೇಗೆ?

ಸ್ನಾನ, ಊಟ, ಬಟ್ಟೆ ಬದಲಿಸುವುದು ಎಲ್ಲಕ್ಕೂ ಹೇಗೋ ಒಪ್ಪಿಕೊಳ್ಳುವ ಡಿಮೆನ್ಷಿಯಾ ರೋಗಿಗಳು ಬ್ರಷ್ ಕಂಡೊಡನೆ ತುಟಿ ಬಿಗಿಯುತ್ತಾರೆ. ಮುಖ ತಿರುಗಿಸುತ್ತಾರೆ, ಕೈ ತಳ್ಳುತ್ತಾರೆ, ಕೆಲವೊಮ್ಮೆ ಕಚ್ಚಿಯೂ ಬಿಡುತ್ತಾರೆ. ಮನೆಯವರಿಗೆ ಇದು ಹಠದಂತೆ ಕಾಣುತ್ತದೆ. ಅಮೆರಿಕದ ನರ್ಸಿಂಗ್ ಸಂಶೋಧಕಿ ರೀಟಾ ಜಬ್ಲಾನ್ಸ್ಕಿ ಇದರ ಬೇರು ಭಯದಲ್ಲಿದೆ ಎನ್ನುತ್ತಾರೆ. ಕಾಯಿಲೆ ಬಲಿತಂತೆ, ಎದುರಿಗಿರುವುದು ಅಪಾಯವೋ ಅಲ್ಲವೋ ಎಂದು ತೂಗಿ ನೋಡುವ ಶಕ್ತಿ ಮಿದುಳಿನಲ್ಲಿ ಕುಂದುತ್ತದೆ. ಬೆದರುವ ಗುಣ ಮಾತ್ರ ಉಳಿದಿರುತ್ತದೆ. ಯಾರೋ ಮೇಲೆ ಬಾಗಿ, ಗಲ್ಲ ಹಿಡಿದು, ಬಾಯಿಗೆ ಏನನ್ನೋ ತುರುಕುತ್ತಿದ್ದಾರೆ. ಅವರಿಗೆ ಗೊತ್ತಾಗುವುದು ಇಷ್ಟೇ.

ಹಾಗಾಗಿ ಮೊದಲು ಬೆದರಿಕೆ ತಗ್ಗಬೇಕು ಎಂಬುದು ಜಬ್ಲಾನ್ಸ್ಕಿ ರೂಪಿಸಿದ ವಿಧಾನದ ತಿರುಳು. ಹಿಂದಿನಿಂದಲೋ ಪಕ್ಕದಿಂದಲೋ ಹೋಗಬೇಡಿ. ಎದುರಿಗೆ ಬಂದು, ಅವರ ಕಣ್ಣಿನ ಮಟ್ಟಕ್ಕೆ ಕೂತು, ನಗುತ್ತಾ ಮಾತಾಡಿಸಿ. ಬ್ರಷ್ ಅವರ ಕೈಗೇ ಕೊಟ್ಟು, ನೀವು ಉಜ್ಜುವಂತೆ ನಟಿಸಿ ತೋರಿಸಿ. ಎಷ್ಟೋ ವರ್ಷಗಳ ರೂಢಿಯಾದ್ದರಿಂದ ಕೈ ತಾನಾಗಿಯೇ ಬಾಯಿಯತ್ತ ಹೋಗಬಹುದು. ಹೋಗದಿದ್ದರೆ ಅವರ ಕೈ ಮೇಲೆ ನಿಮ್ಮ ಕೈಯಿಟ್ಟು ಶುರುಮಾಡಿ, ಮುಂದಿನದನ್ನು ಅವರಿಗೇ ಬಿಡಿ. ನೀವೇ ಉಜ್ಜಬೇಕಾಗಿ ಬಂದರೆ ಇನ್ನೊಂದು ಬ್ರಷ್ ಅವರ ಕೈಯಲ್ಲಿರಲಿ. ಕನ್ನಡಿ ಎದುರು ಕೂರಿಸಿದರೆ ನಡೆಯುತ್ತಿರುವುದು ಅವರಿಗೇ ಕಾಣುತ್ತದೆ. ಕನ್ನಡಿಯಲ್ಲಿ ಬೇರೆ ಯಾರೋ ಇದ್ದಾರೆಂದು ಹೆದರುವವರಿಗೆ ಮಾತ್ರ ಅದು ಬೇಡ. ಜನ್ಮವಿಡೀ ಹಲ್ಲುಪುಡಿ ಬಳಸಿದ ಅಜ್ಜಿಗೆ ಪುಡಿಯನ್ನೇ ಕೊಟ್ಟು, ಅವರ ಬೆರಳಿನಿಂದಲೇ ತಿಕ್ಕಿಕೊಳ್ಳಲು ಬಿಟ್ಟು ನೋಡಬಹುದು. ನಿಮ್ಮ ಬೆರಳನ್ನು ಮಾತ್ರ ಅವರ ಹಲ್ಲುಗಳ ನಡುವೆ ಇಡಬೇಡಿ.

ಸಿಟ್ಟು ಏರುತ್ತಿದೆ ಅನ್ನಿಸಿದರೆ ನಿಲ್ಲಿಸಿ. ಮನೆಯ ಇನ್ನೊಬ್ಬರು ಬಂದು, 'ನೀನು ಹೋಗು, ನಾನು ಅಮ್ಮನ ಜೊತೆ ಇರ್ತೀನಿ' ಎಂದು ಕೂತರೆ ಹೊಸ ಮುಖಕ್ಕೆ ಅವರು ಒಲಿಯುವುದುಂಟು.

ಮಾತಿನ ಧಾಟಿಯೂ ಮುಖ್ಯ. 'ಎಲ್ಲಿ, ಆ ಅನ್ನು ಪುಟ್ಟಾ, ಜಾಣಮರಿ' ಎಂದು ಮಗುವಿಗೆ ಹೇಳುವಂತೆ ಹೇಳುವುದು ನಮಗೆ ಪ್ರೀತಿ. ಕ್ರಿಸ್ಟೀನ್ ವಿಲಿಯಮ್ಸ್ ಮತ್ತು ಸಂಗಡಿಗರು ಅಮೆರಿಕದ ವೃದ್ಧಾರೈಕೆ ಕೇಂದ್ರಗಳಲ್ಲಿ ವಿಡಿಯೊ ಮಾಡಿ ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಮಾತಾಡಿದಾಗ ರೋಗಿಗಳು ಪ್ರತಿಭಟಿಸುವ ಸಾಧ್ಯತೆ ಸುಮಾರು ಎರಡು ಪಟ್ಟಾಗಿತ್ತು. 'ಅಮ್ಮ, ಬಾಯಿ ತೊಳ್ಕೊಳ್ಳೋಣ ಬನ್ನಿ' ಎಂಬ ದೊಡ್ಡವರ ಮಾತೇ ವಾಸಿ.

ಬಲವಂತ ಮಾಡಿದರೂ ಆಮೇಲೆ ಮರೆತುಬಿಡುತ್ತಾರಲ್ಲ ಎನ್ನುವವರಿದ್ದಾರೆ. ಘಟನೆ ಮರೆಯುತ್ತದೆ, ಸಂಕಟ ಮರೆಯುವುದಿಲ್ಲ. ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಆಲ್ಝೈಮರ್ ರೋಗಿಗಳಿಗೆ ದುಃಖದ ಸಿನಿಮಾ ತುಣುಕುಗಳನ್ನು ತೋರಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು: ನೋಡಿದ್ದು ಹೆಚ್ಚೂಕಡಿಮೆ ಅಳಿಸಿಹೋದ ಮೇಲೂ ದುಃಖ ಉಳಿದೇ ಇತ್ತು.

ಇಷ್ಟು ಪಾಡು ಯಾಕೆ? ಬಾಯಿಯ ಕೊಳೆಯಲ್ಲಿರುವ ಬ್ಯಾಕ್ಟೀರಿಯಾ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಜಪಾನಿನ 11 ವೃದ್ಧಾರೈಕೆ ಕೇಂದ್ರಗಳಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾಯಿ ಶುಚಿಗೊಳಿಸಿದವರಲ್ಲಿ ಶೇ 11 ಮಂದಿಗೆ ನ್ಯುಮೋನಿಯಾ ಬಂದರೆ, ಉಳಿದವರಲ್ಲಿ ಶೇ 19 ಮಂದಿಗೆ ಬಂದಿತ್ತು. ಅದಕ್ಕಾಗಿಯೇ ತಲೆ ಹಿಂದಕ್ಕೆ ವಾಲಿಸದೆ ನೆಟ್ಟಗೆ ಕೂರಿಸಿ. ಮೃದು ಬ್ರಷ್, ತೀರಾ ಸ್ವಲ್ಪ ಪೇಸ್ಟ್ ಸಾಕು. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದು ತೊಳೆದಿಡಿ.

ಹಲ್ಲುನೋವನ್ನು ಇವರು ಬಾಯಿಬಿಟ್ಟು ಹೇಳಲಾರರು. ರೊಟ್ಟಿ ಬಿಟ್ಟು ಗಂಜಿಯನ್ನೇ ಕೇಳುವುದು, ಕೆನ್ನೆ ಹಿಡಿದುಕೊಳ್ಳುವುದು, ಕಾರಣವಿಲ್ಲದೆ ರೇಗುವುದು ನೋವಿನ ಗುರುತಾಗಿರಬಹುದು. ಕಾಯಿಲೆ ಗೊತ್ತಾದ ಹೊಸತರಲ್ಲೇ, ಅವರಿನ್ನೂ ಮಾತು ಕೇಳುವ ಸ್ಥಿತಿಯಲ್ಲಿರುವಾಗ, ದಂತವೈದ್ಯರಲ್ಲಿ ಹುಳುಕುಗಳಿಗೆಲ್ಲ ಚಿಕಿತ್ಸೆ ಮಾಡಿಸಿಬಿಡಿ. ಹಿಂದೆ ಎಂದಾದರೂ ಹಲ್ಲು ಕೀಳಿಸಿಕೊಂಡಾಗ ಹೆದರಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯೂ ಜೊತೆಗಿರಲಿ. ದಿನದ ಯಾವ ಹೊತ್ತಿನಲ್ಲಿ ಅವರು ಹೆಚ್ಚು ಸಮಾಧಾನವಾಗಿರುತ್ತಾರೋ ಆ ಹೊತ್ತಿಗೇ ಅಪಾಯಿಂಟ್‌ಮೆಂಟ್ ಕೇಳಿ.