ಬೇಸ್ ಗಿಟಾರ್ ನಿಮಗೆ ಕೇಳಿಸ್ತಾ ಇದೆಯಾ? ಹವ್ಯಾಸಿ ಬ್ಯಾಂಡ್‌ನ ನಾಲ್ಕು ತಂತಿಯ ಕಥೆ

ಇವತ್ತಿನ ಸಂಚಿಕೆಯನ್ನು ದಯವಿಟ್ಟು ಇಯರ್‌ಫೋನ್ ಹಾಕ್ಕೊಂಡು ಕೇಳಿ. ನಾನು ಮಾತಾಡೋಕೆ ಹೊರಟಿರೋ ವಾದ್ಯ ನಿಮ್ಮ ಫೋನಿನ ಸ್ಪೀಕರ್‌ನಲ್ಲಿ ಹೆಚ್ಚೂಕಡಿಮೆ ಕೇಳಿಸೋದೇ ಇಲ್ಲ. ಓದ್ತಾ ಇರೋರಿಗೆ ಈ ತಾಪತ್ರಯ ಇಲ್ಲ, ಬಿಡಿ.

ನಾನು ಬೆಂಗಳೂರಿನ ಒಂದು ಹವ್ಯಾಸಿ ಬ್ಯಾಂಡ್‌ನಲ್ಲಿ ಬೇಸ್ ಗಿಟಾರ್ ನುಡಿಸ್ತೀನಿ. ಹನ್ನೊಂದು ವರ್ಷ ಆಯ್ತು. ಸೋಮವಾರದಿಂದ ಶುಕ್ರವಾರ ಆಫೀಸು, ಶನಿವಾರ ಬೇಸು. ಈ ಹನ್ನೊಂದು ವರ್ಷದಲ್ಲಿ ಶೋ ಮುಗಿದ ಮೇಲೆ ನನ್ನ ಹತ್ರ ಬಂದು ಜನ ಅತಿ ಹೆಚ್ಚು ಕೇಳಿರೋ ಪ್ರಶ್ನೆ ಒಂದೇ: ‘ನಿಮ್ಮ ಗಿಟಾರ್‌ಗೆ ಯಾಕೆ ನಾಲ್ಕೇ ತಂತಿ?’

ಉತ್ತರ ಹೇಳ್ತೀನಿ. ಮಾಮೂಲಿ ಗಿಟಾರ್‌ನ ಆರು ತಂತಿಗಳಲ್ಲಿ ದಪ್ಪಗಿರೋ ನಾಲ್ಕನ್ನು ತಗೊಂಡು, ಒಂದು ಸ್ಥಾಯಿ ಕೆಳಗೆ ಇಳಿಸಿದರೆ ಅದೇ ಬೇಸ್: ಇ, ಎ, ಡಿ, ಜಿ. ಗಿಟಾರ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತೆ, ಬೇಸ್‌ನದ್ದು ಸುಮಾರು 41 ಸಲ. ಫೋನಿನ ಸ್ಪೀಕರ್ ಉಗುರಿನಷ್ಟು ದೊಡ್ಡದು. ಅಷ್ಟು ನಿಧಾನದ ಕಂಪನಕ್ಕೆ ಬೇಕಾದಷ್ಟು ಗಾಳಿ ತಳ್ಳೋ ಶಕ್ತಿ ಅದಕ್ಕಿಲ್ಲ. ಹಾಗಿದ್ರೂ ಫೋನಲ್ಲಿ ಹಾಡು ಕೇಳುವಾಗ ಬೇಸ್ ಸ್ವಲ್ಪ ‘ಇದ್ದ ಹಾಗೆ’ ಅನ್ನಿಸುತ್ತಲ್ವಾ? ಅದು ನಮ್ಮ ಮಿದುಳಿನ ಚಮತ್ಕಾರ. ತಂತಿ ಮೀಟಿದಾಗ 41ರ ಜೊತೆಗೆ 82, 123, 164 ಹೀಗೆ ಮೇಲಿನ ಕಂಪನಗಳೂ ಹುಟ್ಟುತ್ತವೆ. ಸ್ಪೀಕರ್ ಮೂಲಸ್ವರವನ್ನು ನುಂಗಿಬಿಟ್ಟರೂ ಮೇಲಿನ ಸ್ವರಗಳಲ್ಲಿ ಒಂದಷ್ಟು ಕಿವಿಗೆ ಬೀಳುತ್ತವೆ. ಅವುಗಳ ಅಂತರ ನೋಡಿ ‘ಓ, ಕೆಳಗೆ 41 ಇರಬೇಕು’ ಅಂತ ಮಿದುಳು ತಾನೇ ಲೆಕ್ಕ ಹಾಕಿಕೊಳ್ಳುತ್ತೆ. ಅಂದರೆ ನೀವು ಕೇಳಿಸಿಕೊಳ್ತಾ ಇರೋ ಬೇಸ್ ಅರ್ಧ ನಿಮ್ಮ ಕಲ್ಪನೆ. ನಮ್ಮಂಥವರನ್ನ ಯಾರೂ ಗಮನಿಸಲ್ಲ ಅನ್ನೋದಕ್ಕೆ ಭೌತಶಾಸ್ತ್ರದ ಕಾರಣವೂ ಇದೆ ಅನ್ನಿ.

ಇತಿಹಾಸ ಬೇಗ ಮುಗಿಸ್ತೀನಿ. ಮೊದಲು ಈ ಕೆಲಸ ಮಾಡ್ತಾ ಇದ್ದಿದ್ದು ಡಬಲ್ ಬೇಸ್, ಆಳೆತ್ತರದ ಮರದ ಪಿಟೀಲು. ಡ್ರಮ್ಸ್ ಪಕ್ಕ ಅದರ ಸದ್ದು ಮುಳುಗಿಹೋಗ್ತಿತ್ತು, ಸಾಗಿಸೋದು ಇನ್ನೊಂದು ಕಷ್ಟ. 1930ರ ದಶಕದಲ್ಲೇ ಅಮೆರಿಕದ ಪಾಲ್ ಟುಟ್ಮಾರ್ಕ್ ಎಂಬುವರು ವಿದ್ಯುತ್ ಬೇಸ್ ಮಾಡಿದ್ದರು, ಆದರೆ ಅದು ಓಡಲಿಲ್ಲ. 1951ರಲ್ಲಿ ಲಿಯೋ ಫೆಂಡರ್ ಕಂಪನಿಯ ‘ಪ್ರಿಸಿಷನ್ ಬೇಸ್’ ಬಂತು. ಕತ್ತಿನ ಮೇಲೆ ಫ್ರೆಟ್ ಪಟ್ಟಿಗಳಿದ್ದುದರಿಂದ ಬೆರಳು ಇಟ್ಟ ಕಡೆ ಸ್ವರ ಕರಾರುವಾಕ್ಕಾಗಿ ಬರ್ತಿತ್ತು. ಹೆಸರು ಬಂದಿದ್ದೇ ಅದರಿಂದ.

ಇನ್ನು, ಜನ ಬೇಸಿಸ್ಟ್ ಆಗೋದು ಹೇಗೆ? ಕನಸು ಕಂಡು ಆಗೋರು ಕಡಿಮೆ. ಕಾಲೇಜಲ್ಲಿ ಬ್ಯಾಂಡ್ ಕಟ್ಟೋಕೆ ಹೊರಟರೆ ಗಿಟಾರ್ ಹಿಡ್ಕೊಂಡು ನಾಲ್ಕು ಜನ ಬರ್ತಾರೆ. ಮೂವರು ಹಟ ಮಾಡ್ತಾರೆ, ಮೆತ್ತಗಿರೋ ನಾಲ್ಕನೆಯವನ ಕೈಗೆ ಬೇಸ್ ಬರುತ್ತೆ. ನನಗೂ ಹಾಗೇ ಬಂದಿದ್ದು. ಸಣ್ಣತನ ಅನ್ಕೋಬೇಡಿ, ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಕೂಡ ಬೇಸ್ ಹಿಡಿದದ್ದು 1961ರಲ್ಲಿ, ಅವರ ಬೇಸಿಸ್ಟ್ ಸ್ಟುವರ್ಟ್ ಸಟ್‌ಕ್ಲಿಫ್ ಬ್ಯಾಂಡ್ ಬಿಟ್ಟಾಗ.

ಶುರು ಮಾಡಬೇಕು ಅಂತ ಇರೋರಿಗೆ ಇಲ್ಲೇ ಎರಡು ಮಾತು. ನನ್ನ ಮೊದಲ ಬೇಸ್ ಸೆಕೆಂಡ್ ಹ್ಯಾಂಡ್, ಒಂಬತ್ತು ಸಾವಿರ. ಅದರಲ್ಲೇ ಐದು ವರ್ಷ ತಳ್ಳಿದೆ. ತಂತಿಗಳ ಸೆಟ್ ಮಾತ್ರ ಮಾಮೂಲಿ ಗಿಟಾರ್‌ನದ್ದಕ್ಕಿಂತ ದುಬಾರಿ, ಹಾಗಾಗಿ ನಾವು ಒಂದು ಉಪಾಯ ಮಾಡ್ತೀವಿ: ಹಳೇ ತಂತಿ ಬಿಚ್ಚಿ ನೀರಲ್ಲಿ ಕುದಿಸೋದು. ಸುರುಳಿಯ ಸಂದಿಯಲ್ಲಿ ಕೂತ ಬೆವರು, ಕೊಳೆ ಬಿಟ್ಟು ಒಂದಷ್ಟು ದಿನ ಸದ್ದು ಮತ್ತೆ ಹೊಳೆಯುತ್ತೆ. ಮೊದಲನೇ ಸಲ ನಾನು ಕುದಿಸಿದಾಗ ಅಮ್ಮ ಪಾತ್ರೆ ಮುಚ್ಚಳ ತೆಗೆದು ನೋಡಿ, ‘ಇದೇನೋ, ಕಬ್ಬಿಣದ ಶ್ಯಾವಿಗೆನಾ?’ ಅಂದರು. ಆ ಪಾತ್ರೆ ಈಗ ನನ್ನದೇ, ಅಡುಗೆಮನೆಗೆ ವಾಪಸ್ ಸೇರಿಸಿಕೊಂಡಿಲ್ಲ.

ಸರಿ, ಬೇಸ್ ಮಾಡೋ ಕೆಲಸ ಏನು? ಎಲ್ಲರೂ ಹೇಳೋದು ‘ತಾಳ ಮತ್ತು ಸ್ವರದ ನಡುವಿನ ಸೇತುವೆ’ ಅಂತ. ಮಾತು ಚೆನ್ನಾಗಿದೆ, ಆದರೆ ಅದರಿಂದ ಏನೂ ಅರ್ಥ ಆಗಲ್ಲ. ಹೀಗೆ ನೋಡಿ. ಡ್ರಮ್ಮರ್‌ನ ಬಲಗಾಲು ದೊಡ್ಡ ಡ್ರಮ್ಮಿಗೆ ಒದೆಯುತ್ತಲ್ಲ, ‘ಧಂ’ ಅಂತ, ಅದು ಕಿಕ್. ಆ ಒದೆತಕ್ಕೆ ಸರಿಯಾಗಿ ನನ್ನ ತಂತಿ ಮೀಟಿದರೆ ಎರಡೂ ಸೇರಿ ಒಂದೇ ವಾದ್ಯ ಅನ್ನಿಸುತ್ತೆ. ಡೊಳ್ಳಿಗೆ ಸ್ವರ ಬಂದ ಹಾಗೆ. ಕೂದಲೆಳೆಯಷ್ಟು ಮುಂದೆ ಹೋದರೆ ಹಾಡು ಅವಸರದಲ್ಲಿದೆ ಅನ್ನಿಸುತ್ತೆ, ಹಿಂದೆ ಬಿದ್ದರೆ ಹಾಡಿಗೆ ನಿದ್ದೆ ಬಂದಿದೆ ಅನ್ನಿಸುತ್ತೆ. ಇನ್ನೊಂದು, ಸ್ವರವನ್ನ ಎಲ್ಲಿ ಶುರು ಮಾಡ್ತೀವಿ ಅನ್ನೋದಕ್ಕಿಂತ ಎಲ್ಲಿ ನಿಲ್ಲಿಸ್ತೀವಿ ಅನ್ನೋದು ಕಷ್ಟದ ವಿದ್ಯೆ. ನನ್ನ ಎಡಗೈ ಕಲಿಯೋಕೆ ಅತಿ ಹೆಚ್ಚು ಸಮಯ ತಗೊಂಡಿದ್ದು ತಂತಿಯನ್ನ ಸುಮ್ಮನಿರಿಸೋದನ್ನ.

ಇದಕ್ಕಿಂತ ದೊಡ್ಡ ಅಧಿಕಾರವೂ ಇದೆ. ಗಿಟಾರ್‌ನವನು ಸಿ ಮೇಜರ್ ಕಾರ್ಡ್ ಹಿಡಿದಿದ್ದಾನೆ ಅಂದ್ಕೊಳ್ಳಿ: ಸಿ, ಇ, ಜಿ. ನಾನು ಕೆಳಗೆ ಸಿ ನುಡಿಸಿದರೆ ಮನೆಗೆ ಬಂದು ಕೂತ ಹಾಗೆ, ನೆಮ್ಮದಿ. ಅವನು ಕೈ ಅಲ್ಲಾಡಿಸದೇ ಇರಲಿ, ನಾನು ಎ ನುಡಿಸಿದರೆ ಸಾಕು, ಇಡೀ ಕಾರ್ಡ್ ಎ ಮೈನರ್ ಸೆವೆಂತ್ ಆಗಿಬಿಡುತ್ತೆ. ಅದೇ ಬೆರಳು, ಅದೇ ಗಿಟಾರು, ಆದರೆ ಹಾಡಿಗೆ ಬೇಸರ ಬಂತು. ಕೇಳುಗರು ಹಾಡುಗಾರನ ದನಿ ತುಂಬಿ ಬಂತು ಅನ್ಕೋತಾರೆ. ಅನ್ಕೊಳ್ಳಲಿ.

ನಮ್ಮ ಕನ್ನಡದ ಹಾಡುಗಳಲ್ಲಿ ಈ ಅಧಿಕಾರ ಇನ್ನೂ ಹೆಚ್ಚು. ಜನಪದ ಹಾಡು, ವಚನ, ತತ್ವಪದ ಯಾವುದಕ್ಕೂ ಹುಟ್ಟಿನಿಂದ ಕಾರ್ಡ್ ಇಲ್ಲ. ಧಾಟಿ ಇದೆ, ತಾಳ ಇದೆ, ಹಿಂದೆ ಶ್ರುತಿ ಇದೆ, ಅಷ್ಟೆ. ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ಬ್ಯಾಂಡ್ ಜೊತೆ ಹಾಡಿದ್ದನ್ನು ನೀವು ಕೇಳಿರ್ತೀರಿ. ಅದನ್ನು ಕೇಳಿ ಬೆಳೆದ ನಮ್ಮಂಥ ಎಷ್ಟೋ ಗುಂಪುಗಳು ಇವತ್ತು ತತ್ವಪದಗಳನ್ನ ಎತ್ತಿಕೊಳ್ತಾ ಇವೆ. ಆಗ ಅಭ್ಯಾಸದ ಕೋಣೆಯಲ್ಲಿ ಜಗಳ ಶುರುವಾಗೋದೇ ಇಲ್ಲಿ: ಈ ಸಾಲಿನ ಕೆಳಗೆ ಯಾವ ಸ್ವರ ಇಡಬೇಕು? ಪ್ರತಿ ನಾಲ್ಕು ಮಾತ್ರೆಗೆ ಒಂದು ಕಾರ್ಡ್ ಬದಲಿಸಿದರೆ ತತ್ವಪದ ಜಾಹೀರಾತಿನ ಹಾಡಾಗುತ್ತೆ. ನನ್ನ ಅಭಿಪ್ರಾಯ ಕೇಳಿದರೆ, ತಂಬೂರಿ ಮಾಡೋ ಹಾಗೆ ಸ ಮತ್ತು ಪ ಹಿಡ್ಕೊಂಡು ನಿಲ್ಲಬೇಕು, ಪಲ್ಲವಿಗೆ ವಾಪಸ್ ಬರುವಾಗ ಒಂದೇ ಒಂದು ಸಲ ಜಾಗ ಬಿಟ್ಟು ಕದಲಬೇಕು. ನಮ್ಮ ಗಿಟಾರಿಸ್ಟ್‌ಗೆ ಇದು ಒಪ್ಪಿಗೆ ಇಲ್ಲ. ಹನ್ನೊಂದು ವರ್ಷದಿಂದ ಇಲ್ಲ.

ಹೇಗೆ ಕದಲಬೇಕು ಅಂತ ಕಲಿಯೋಕೆ ಇಳಯರಾಜ ಇದ್ದಾರೆ. ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಈ ಎರಡು ಚಿತ್ರಗಳ ಹಾಡುಗಳನ್ನ ಒಳ್ಳೆ ಹೆಡ್‌ಫೋನ್‌ನಲ್ಲಿ ಬೇಸ್ ಮಾತ್ರ ಹಿಂಬಾಲಿಸಿ ಕೇಳಿ. ಗಾಯಕರ ಕೆಳಗೆ ಇನ್ನೊಂದು ಹಾಡೇ ಓಡಾಡ್ತಾ ಇರುತ್ತೆ.

ಅಭ್ಯಾಸದ ಕೋಣೆ ಅಂದೆನಲ್ಲ, ಅದರ ಬಗ್ಗೆ ಒಂದು ವಿಚಿತ್ರ. ಬೆಂಗಳೂರಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗೋ ಜ್ಯಾಮ್ ರೂಮ್‌ಗಳು ಸಾಮಾನ್ಯವಾಗಿ ಸಣ್ಣವು. ಹತ್ತು ಅಡಿ ಉದ್ದದ ಕೋಣೆ ಅಂದ್ಕೊಳ್ಳಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಲೆಕ್ಕ ಹಾಕಿದರೆ ಹತ್ತು ಅಡಿ ದೂರದ ಎರಡು ಗೋಡೆಗಳ ನಡುವೆ ತಾನಾಗೇ ಮೊಳಗೋ ಕಂಪನ ಸುಮಾರು 56. ಬೇಸ್‌ನ ಎ ತಂತಿಯ ಕಂಪನ 55! ಹಾಗಾಗಿ ಆ ತಂತಿ ಮುಟ್ಟಿದರೆ ಸಾಕು, ಗೋಡೆ ಪಕ್ಕ ನಿಂತ ಡ್ರಮ್ಮರ್ ‘ಲೋ, ಕಮ್ಮಿ ಮಾಡೋ’ ಅಂತ ಕೂಗ್ತಾನೆ, ಕೋಣೆ ನಡುವೆ ನಿಂತ ಹಾಡುಗಾರ ‘ಬೇಸ್ ಕೇಳ್ತಾನೇ ಇಲ್ಲ’ ಅಂತಾನೆ. ಇಬ್ಬರೂ ನಿಜಾನೇ ಹೇಳ್ತಾ ಇರ್ತಾರೆ. ಜಗಳ ಆಡೋ ಮೊದಲು ಒಬ್ಬರ ಜಾಗದಲ್ಲಿ ಒಬ್ಬರು ಹೋಗಿ ನಿಂತು ಕೇಳಿ, ಇದು ನಾನು ಕೊಡಬಹುದಾದ ಅತ್ಯಂತ ಉಪಯುಕ್ತ ಸಲಹೆ.

ಆದರೆ ಎಲ್ಲರೂ ಮಾಡೋದು ಏನು? ವಾಲ್ಯೂಮ್ ಏರಿಸೋದು. ನಮ್ಮ ಕಿವಿ ಕೆಳಸ್ವರಗಳಿಗೆ ಮಂದ, ಗಿಟಾರಿಗೆ 30 ವಾಟ್ ಆಂಪ್ ಸಾಕಾದ ಕಡೆ ಬೇಸ್‌ಗೆ ನೂರಕ್ಕಿಂತ ಮೇಲೆ ಬೇಕಾಗುತ್ತೆ. ಒಬ್ಬರು ಏರಿಸಿದರೆ ಇನ್ನೊಬ್ಬರು ಏರಿಸ್ತಾರೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಎನ್‌ಐಒಎಸ್‌ಎಚ್ ಹಾಕಿರೋ ಮಿತಿ ಹೀಗಿದೆ: 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ, ಆಮೇಲೆ ಪ್ರತಿ 3 ಡೆಸಿಬಲ್ ಹೆಚ್ಚಾದಂತೆ ಸಮಯ ಅರ್ಧ. 100 ಡೆಸಿಬಲ್ ಅಂದರೆ 15 ನಿಮಿಷ. ಸಣ್ಣ ಕೋಣೆಯಲ್ಲಿ ಡ್ರಮ್ಸ್ ಜೊತೆ 100 ಮುಟ್ಟೋದು ಏನೂ ದೊಡ್ಡ ವಿಷಯ ಅಲ್ಲ, ನಮ್ಮ ಅಭ್ಯಾಸ ಮೂರು ಗಂಟೆ. ರಾತ್ರಿ ಮಲಗಿದಾಗ ಕಿವಿಯಲ್ಲಿ ‘ಕುಯ್’ ಅಂತಿದ್ದರೆ ಅದು ಒಳ್ಳೆ ಶೋ ಆಯ್ತು ಅನ್ನೋದರ ಗುರುತಲ್ಲ, ಒಳಗಿನ ಸೂಕ್ಷ್ಮ ಕೋಶಗಳಿಗೆ ಏಟು ಬಿದ್ದಿದೆ ಅಂತ. ಅವು ಸತ್ತರೆ ಮತ್ತೆ ಹುಟ್ಟಲ್ಲ. ಇಯರ್‌ಪ್ಲಗ್ ಹಾಕಿ. ಸ್ಟೈಲ್ ಹೋಗುತ್ತೆ ಅಂದರೆ ಕೂದಲು ಬಿಡಿ.

ಇನ್ನು ಶೋಗಳು. ಬೇಸ್ ಕಲಿಯೋಕೆ ಬೆಂಗಳೂರಿನ ಪಬ್‌ಗಿಂತ ಒಳ್ಳೆ ಶಾಲೆ ಗಣೇಶನ ಹಬ್ಬದ ಆರ್ಕೆಸ್ಟ್ರಾ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಎರಡು ವರ್ಷ ನುಡಿಸಿದ್ದೀನಿ. ರಿಹರ್ಸಲ್ ಇಲ್ಲ, ಹಾಡಿನ ಪಟ್ಟಿ ಇಲ್ಲ. ಬೀದಿಯವರು ಚೀಟಿ ಕಳಿಸ್ತಾರೆ, ಗಾಯಕಿ ಮೈಕಿನಿಂದ ಸ್ವಲ್ಪ ತಿರುಗಿ ‘ಎರಡೂವರೆ ಮನೆ, ಅಣ್ಣಾ’ ಅಂತಾರೆ. ಎರಡೂವರೆ ಅಂದರೆ ಡಿ ಶಾರ್ಪ್. ಅಷ್ಟೇ ಸಿಗೋ ಮಾಹಿತಿ. ಕೀಬೋರ್ಡ್‌ನವರು ಕರಿ-ಬಿಳಿ ಮನೆ ಲೆಕ್ಕ ಹಾಕಬೇಕು, ನಾನು ಕೈಯನ್ನ ಫ್ರೆಟ್ ಮೇಲೆ ಜಾರಿಸಿದರೆ ಆಯ್ತು, ಬೆರಳಿನ ಆಕಾರ ಅದೇ. ಕಿವಿಯಿಂದ ಹಾಡು ಹಿಡಿಯೋದನ್ನ ನನಗೆ ಕಲಿಸಿದ್ದು ಪೆಂಡಾಲು. ಆದರೆ ಈಗ ಎಷ್ಟೋ ಆರ್ಕೆಸ್ಟ್ರಾಗಳಲ್ಲಿ ಬೇಸಿಸ್ಟ್ ಇರಲ್ಲ. ಕೀಬೋರ್ಡ್‌ನವರ ಎಡಗೈ ಆ ಕೆಲಸ ಮಾಡುತ್ತೆ.

ಇದು ಹೊಸದೇನಲ್ಲ. ದಿ ಡೋರ್ಸ್ ಬ್ಯಾಂಡ್‌ನಲ್ಲಿ ವೇದಿಕೆ ಮೇಲೆ ಬೇಸಿಸ್ಟ್ ಇರಲಿಲ್ಲ, ರೇ ಮಂಜರೆಕ್ ಎಡಗೈಯಲ್ಲಿ ಕೀಬೋರ್ಡ್ ಬೇಸ್ ನುಡಿಸ್ತಿದ್ದರು. ದಿ ವೈಟ್ ಸ್ಟ್ರೈಪ್ಸ್ ಅಂತೂ ಗಿಟಾರು, ಡ್ರಮ್ಸ್ ಎರಡೇ. ಬೇಸ್ ಇಲ್ಲದೆ ಬ್ಯಾಂಡೇ ಇಲ್ಲ ಅಂತ ನಾನು ಹೇಳಲ್ಲ. ಹೇಳೋಕೆ ಬರಲ್ಲ.

ಈಗ ನಮ್ಮ ಬ್ಯಾಂಡ್‌ನ ವಿಷಯ. ಸಣ್ಣ ಪಬ್ ಒಂದರಲ್ಲಿ ನಮಗೆ ಒಂದು ಶೋಗೆ ಇಪ್ಪತ್ತೈದು ಸಾವಿರ ಕೊಡ್ತಾರೆ. ಐದು ಜನಕ್ಕೆ ತಲಾ ಐದು ಸಾವಿರ, ನಾಲ್ಕು ಜನ ಆದರೆ 6,250. ಕಳೆದ ವರ್ಷ ನಮ್ಮ ಕೀಬೋರ್ಡ್ ಗೆಳೆಯ ಬೇಸ್ ಸಾಲುಗಳನ್ನೆಲ್ಲ ಲ್ಯಾಪ್‌ಟಾಪ್‌ಗೆ ಹಾಕಿದ. ಸಣ್ಣ ಶೋಗಳಿಗೆ ಟ್ರ್ಯಾಕ್ ಓಡಿಸೋಣ, ದೊಡ್ಡದಕ್ಕೆ ನೀನು ಬಾ ಅಂದರು. ಆ ಸಾಲುಗಳು ನಾನೇ ಕೂತು ಕಟ್ಟಿದ್ದವು. ಬಾಯಿಗೆ ಏನೂ ಬರಲಿಲ್ಲ.

ಆ ಶೋಗೆ ನಾನು ಟಿಕೆಟ್ ತಗೊಂಡು ಹೋದೆ, ಹಿಂದಿನ ಟೇಬಲ್‌ನಲ್ಲಿ ಕೂತೆ. ನಿಜ ಹೇಳ್ತೀನಿ, ಟ್ರ್ಯಾಕ್ ನನಗಿಂತ ಶುಚಿಯಾಗಿತ್ತು. ಜನಕ್ಕೆ ಒಬ್ಬ ಕಮ್ಮಿ ಇದ್ದಾನೆ ಅನ್ನೋದೇ ಗೊತ್ತಾಗಲಿಲ್ಲ. ಆರನೇ ಹಾಡಲ್ಲಿ ಒಂದು ದೊಡ್ಡ ಗುಂಪು ಎದ್ದು ನಿಂತು ಪಲ್ಲವಿ ಹಾಡೋಕೆ ಶುರು ಮಾಡ್ತು. ಹಾಡುಗಾರ ಖುಷಿಯಾಗಿ ‘ಇನ್ನೊಂದ್ಸಲ’ ಅಂತ ಕೈ ಎತ್ತಿದ. ಲ್ಯಾಪ್‌ಟಾಪ್‌ಗೆ ಕೈ ಕಾಣಲ್ಲವಲ್ಲ. ಅದು ತನ್ನ ಪಾಡಿಗೆ ಮುಕ್ತಾಯಕ್ಕೆ ಹೋಯ್ತು. ಕಿವಿಯಲ್ಲಿ ಕ್ಲಿಕ್ ಹಾಕ್ಕೊಂಡಿದ್ದ ಡ್ರಮ್ಮರ್ ಅದರ ಹಿಂದೆ ಹೋದ, ಗಿಟಾರಿಸ್ಟ್ ಜನರ ಹಿಂದೆ ಹೋದ. ನಾಲ್ಕೈದು ಸೆಕೆಂಡ್ ಕಲಸುಮೇಲೋಗರ, ಆಮೇಲೆ ಎಲ್ಲ ನಿಂತೇ ಹೋಯ್ತು. ಜನ ಚಪ್ಪಾಳೆ ತಟ್ಟಿ ಕೂತರು. ಯಾರೂ ಬೈಯಲಿಲ್ಲ. ಆದರೆ ಆ ಗುಂಪು ಮತ್ತೆ ಎದ್ದು ನಿಲ್ಲಲಿಲ್ಲ.

ಹೊರಗೆ ಬಂದಾಗ ಡ್ರಮ್ಮರ್ ಹೇಳಿದ: ‘ಮಗಾ, ಕಿವಿಯಲ್ಲಿ ಟಿಕ್ ಟಿಕ್ ಅಂತಿದ್ರೆ ಹಾಡಿನ ಜೊತೆ ಇದೀನೋ ಗಡಿಯಾರದ ಜೊತೆ ಇದೀನೋ ಗೊತ್ತಾಗಲ್ಲ ಕಣೋ.’ ಗಿಟಾರಿಸ್ಟ್ ಏನೂ ಅನ್ನಲಿಲ್ಲ. ಅವನಿಗೆ ಮನೆ ಬಾಡಿಗೆ ಏರಿದೆ, ಆ 1,250 ರೂಪಾಯಿ ಅವನಿಗೆ ಸಣ್ಣದಲ್ಲ. ಅವನ ಮೇಲೆ ನನಗೆ ಕೋಪ ಇಲ್ಲ.

ಆ ಮಾತು ಇನ್ನೂ ಬಗೆಹರಿದಿಲ್ಲ. ಈ ಶನಿವಾರ ಅಭ್ಯಾಸ ಮುಗಿದ ಮೇಲೆ ಟೀ ಅಂಗಡಿ ಮುಂದೆ ಐದೂ ಜನ ಕೂರೋದು ಅಂತ ಆಗಿದೆ. ನಾನು ಹೇಳೋದು ಇಷ್ಟೇ: ದುಡ್ಡು ಕಮ್ಮಿ ಇರೋ ಶೋಗೆ ನನ್ನ ಬಿಡಿ, ಪರವಾಗಿಲ್ಲ. ಆದರೆ ಲ್ಯಾಪ್‌ಟಾಪ್ ಬೇಡ, ಕೀಬೋರ್ಡ್‌ನವನು ಎಡಗೈಯಲ್ಲಿ ಬೇಸ್ ನುಡಿಸಲಿ. ಅವನಿಗೆ ಹಾಡುಗಾರನ ಕೈ ಕಾಣುತ್ತೆ. ಸಾಲುಗಳನ್ನ ನಾನೇ ಕೂತು ಹೇಳಿಕೊಡ್ತೀನಿ, ಎರಡು ಶನಿವಾರ ಸಾಕು.